ಹೊಲ ಅಣ್ಣಗ, ನೋಟಿಸ್ ನನಗ: ಆಸ್ತಿ ಸಿಗದ ಮಗನೂ ಅಪ್ಪಗ ಜೀವನಾಂಶ ಕೊಡಬೇಕೇನ್ರಿ?

ಮುಧೋಳದಂವ:
ಎಲ್ಲಾರಿಗೂ ಶರಣ್ರಿ. ನಮ್ಮೂರು ಮುಧೋಳ ತಾಲೂಕಿನ ಒಂದ ಹಳ್ಳಿ. ನಾ ಈಗ ಬೆಳಗಾವಿ ಉದ್ಯಮಬಾಗದಾಗ ಒಂದ ಫೌಂಡ್ರಿಯೊಳಗ ಕೆಲಸಕ್ಕ ಅದೀನಿ. ಪಗಾರ ಕೈಗೆ ಬರೂದು 26 ಸಾವಿರ. ಬಾಡಗಿ ಮನಿ, ಇಬ್ಬರು ಹುಡುಗ್ರು ಸಾಲಿಗೆ ಹೋಗ್ತಾರ.

ನಾವು ಮೂರು ಮಂದಿ. ಅಣ್ಣ ಊರಾಗ ಅದಾನ. ಅಕ್ಕನ್ನ ಬನಹಟ್ಟಿಗೆ ಕೊಟ್ಟೈತಿ, ಅವರದು ಪಾವರಲೂಮ್. ಅವ್ವ ಇಲ್ಲ. 2017ರಾಗ ಅಪ್ಪ ಇದ್ದ ಆರ ಎಕರೆ ನೀರಾವರಿ ಹೊಲಾನೆಲ್ಲಾ ಅಣ್ಣನ ಹೆಸರಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿಕೊಟ್ಟ. "ನಾ ಅಪ್ಪನ್ನ ಕಡೀತನಕಾ ನೋಡ್ಕೊಂತೀನಿ" ಅಂತ ಅಣ್ಣ ಹಿರ್ಯಾರ ಮುಂದ ಹೇಳಿದ್ದ. ನಾನೂ ಅಕ್ಕನೂ ಸುಮ್ಮನಾದ್ವಿ. ಮನ್ಯಾಗ ಜಗಳ ಯಾಕಂತ.

ಈಗ ಜಮಖಂಡಿ ಎಸಿ (ಉಪವಿಭಾಗಾಧಿಕಾರಿ) ಸಾಹೇಬ್ರ ಕಚೇರಿಯಿಂದ ನೋಟಿಸ್ ಬಂದೈತಿ. ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಅಪ್ಪ ಅರ್ಜಿ ಹಾಕ್ಯಾನ. ನಾ ತಿಂಗಳಿಗೆ 5,000, ಅಕ್ಕ 5,000 ಕೊಡಬೇಕಂತ. ಅರ್ಜಿಯೊಳಗ ಅಣ್ಣನ ಹೆಸರ ಇಲ್ಲ! ಸಹಿ ಅಪ್ಪಂದು, ಬರವಣಿಗಿ ಮಾತ್ರ ಅಣ್ಣನ ಮಗಂದು. ಆ ಅಕ್ಷರ ನನಗ ಗೊತ್ತಿಲ್ಲೇನು, ನಾನ ಕಲಿಸೇನಿ.

ಆಸ್ತಿ ತಿಂದಾಂವ ಸಾಕಬೇಕೋ, ತಿನ್ನಲಾರದಾಂವ ಸಾಕಬೇಕೋ? ತಿಳಿದವರು ಹೇಳ್ರಿ.

ಕಬ್ಬಿನ ಬಿಲ್ಲು:
ಒಂದ ರೂಪಾಯಿ ಕೊಡಬ್ಯಾಡ್ರಿ. ಹೊಲದ ಉತಾರ (ಪಹಣಿ) ತಗದು ಎಸಿ ಸಾಹೇಬ್ರ ಟೇಬಲ್ ಮ್ಯಾಲ ಇಡ್ರಿ. ಆರ ಎಕರೆ ಕಬ್ಬು ಅಂದ್ರ ಏನ ಕಡಿಮಿ ಆತೇನು.

ಇಳಕಲ್ಲ ಸೆರಗು:
ಕಬ್ಬಿನ ಬಿಲ್ ಟೈಮಿಗೆ ಬಂದ್ರ ಅಲ್ಲೇನ್ರಿ ಅದು 😄

ಕರಿಕೋಟು:
ಅಣ್ಣಾರ, ಉತಾರ ಇಟ್ಟರೂ ನೀವು ಪಾರಾಗೂದಿಲ್ಲ. ಬ್ಯಾಸರಾ ಮಾಡ್ಕೋಬ್ಯಾಡ್ರಿ, ನಮ್ಮ ಭಾಗದಾಗ ಹತ್ತರಾಗ ಒಂಬತ್ತು ಮಂದಿ ಇಲ್ಲೇ ಎಡವತಾರ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಕಲಂ 4 ತಗದು ನೋಡ್ರಿ. ಅಲ್ಲಿ ಎರಡು ಥರದ ಮಂದಿ ಬರ್ತಾರ. ಒಂದು, ಮಕ್ಕಳು. ಇನ್ನೊಂದು, ಮಕ್ಕಳಿಲ್ಲದ ಹಿರಿಯರ ಸಂಬಂಧಿಕರು. ಆಸ್ತಿ ಕೈಯಾಗ ಇರಬೇಕು ಅಥವಾ ಮುಂದ ವಾರಸಾ ಬರೂದಿರಬೇಕು ಅನ್ನೂ ಷರತ್ತು ಐತೆಲ್ಲ, ಅದು ಸಂಬಂಧಿಕರಿಗೆ ಮಾತ್ರ. ಮಕ್ಕಳಿಗೆ ಆ ಷರತ್ತಿಲ್ಲ. ಹುಟ್ಟಿದ್ದಕ್ಕ ಜವಾಬ್ದಾರಿ, ಹೊಲ ಬಂದಿದ್ದಕ್ಕಲ್ಲ. ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳೂ 'ಮಕ್ಕಳು' ಅಂತನ ಕಾಯ್ದೆ ಹೇಳತೈತಿ.

ಆದ್ರ ಎರಡು ಮಾತು ನಿಮ್ಮ ಪರವಾಗಿ ಅದಾವ. ನಿಮ್ಮ ಅಪ್ಪಗ ಸ್ವಂತ ದುಡಿಮಿ, ಸ್ವಂತ ಆಸ್ತಿಯಿಂದ ಬದುಕಾಕ ಆಗೂದಿಲ್ಲ ಅನ್ನೂದು ಮೊದಲ ಸಿದ್ಧ ಆಗಬೇಕು. ಎರಡನೇದ್ದು, ಕಲಂ 5(5). ನೋಟಿಸ್ ಬಂದ ಮಗ ಉಳಿದ ಹೊಣೆಗಾರರನ್ನೂ ಅದ ಅರ್ಜಿಯೊಳಗ ಸೇರಿಸ್ರಿ ಅಂತ ಕೇಳಬಹುದು. ಮೊದಲನೇ ತಾರೀಖಿಗೇ ನಿಮ್ಮ ಅಣ್ಣನ್ನ ಸೇರಿಸಾಕ ಬರದು ಕೊಡ್ರಿ.

ಮುಧೋಳದಂವ:
ಅಪ್ಪನ ಹೆಸರಿಗೆ ಒಂದ ಗುಂಟೆನೂ ಉಳದಿಲ್ರಿ. ಸಂಧ್ಯಾ ಸುರಕ್ಷಾ 1,200 ಬರ್ತೈತಿ, ಅಷ್ಟ.

ನನಗ 5,000, ಅಕ್ಕಗ 5,000 ಅಂತ ಲೆಕ್ಕಾ ಹೆಂಗ ಬಂತು?

ಕರಿಕೋಟು:
ಈ ಕಾಯ್ದೆ ಕೆಳಗ ತಿಂಗಳಿಗೆ 10,000 ಮ್ಯಾಲ ಕೊಡಸಾಕ ಬರೂದಿಲ್ಲ, ಕಲಂ 9. ಯಾರೋ ತಿಳಿದಾಂವ ಕುಂತು ಅರ್ಜಿ ಬರಸ್ಯಾನ. ಕೇಳಿದ್ದಷ್ಟೂ ಕೊಡಸ್ತಾರಂತ ಅಲ್ಲ. ನಿಮ್ಮ ಪಗಾರ ಚೀಟಿ, ಬಾಡಗಿ ಕರಾರು, ಸಾಲಿ ಫೀ ಪಾವತಿ ಎಲ್ಲಾ ಒಯ್ರಿ.

ಇಂಡಿ ಲಿಂಬಿ:
2,000 ಮ್ಯಾಲ ಆಗಬಾರದು ಅಂತ ಎಲ್ಲೋ ಕೇಳಿದ್ದೆ.

ಕರಿಕೋಟು:
ಇಲ್ರಿ. 10 ಸಾವಿರ ತನಕ. ಅದಕ್ಕಿಂತ ಹೆಚ್ಚು ಬೇಕಂದ್ರ ಫ್ಯಾಮಿಲಿ ಕೋರ್ಟಿಗೆ ಹೋಗಬೇಕು. ಹಳೇ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದ್ರ ಸಿಆರ್‌ಪಿಸಿ, ಕಲಂ 125; ಅದರ ಜಾಗಾಕ್ಕ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಕಲಂ 144. ಅಲ್ಲಿ ಮೊದಲು 500 ರೂಪಾಯಿ ಮಿತಿ ಇತ್ತು, 2001ರಾಗ ತಗದಾರ. ಎರಡೂ ಕಡೆ ಒಮ್ಮೆಲೆ ಹಾಕಾಕ ಬರೂದಿಲ್ಲ, ಒಂದನ್ನ ಆರಿಸ್ಕೋಬೇಕು.

ನಿವೃತ್ತ ಮಾಸ್ತರ, ಬಾಗಲಕೋಟಿ:
ಇದು ಇಂದಿನ ರೋಗವಲ್ಲ. ಆಲಮಟ್ಟಿ ಹಿನ್ನೀರಿನೊಳಗ ನಮ್ಮ ಹಳೇ ಬಾಗಲಕೋಟಿ ಅರ್ಧ ಮುಳುಗಿದಾಗ ನಾನು ನೋಡಿದ್ದೇನೆ. ಪರಿಹಾರದ ರೊಕ್ಕ ಬಂದ ದಿನ ಮನೆಮನೆಗೂ ಗಂಡುಮಕ್ಕಳು ಹಾಜರು. ರೊಕ್ಕ ಹಂಚಿಕೊಂಡರು, ನವನಗರದ ಸೈಟು ಹಂಚಿಕೊಂಡರು. ಅಪ್ಪ ಅವ್ವ ಹಂಚಿಕೆಯೊಳಗ ಕಡೆಗೆ ಬಂದರು. ತಾಯಿ ಒಬ್ಬನ ಕಡೆ, ತಂದೆ ಇನ್ನೊಬ್ಬನ ಕಡೆ. ನಲವತ್ತು ವರ್ಷ ಒಂದೇ ಮನೆಯೊಳಗಿದ್ದ ಗಂಡ ಹೆಂಡತಿ ಬೇರೆ ಬೇರೆ ಸೆಕ್ಟರ್‌ನೊಳಗ.

ನವನಗರ ಸೆಕ್ಟರ್:
ಸರ್ ನಮ್ಮ ಅಜ್ಜ ಅಜ್ಜಿದೂ ಹಿಂಗ ಆಗಿತ್ತು. ಅಜ್ಜ ದಿನಾ ಸಂಜಿಕೆ ನಡಕೊಂತ ಅಜ್ಜಿನ್ನ ನೋಡಾಕ ಹೋಗ್ತಿದ್ದ. ಸೊಸಿ ಚಾ ಕೊಡೂದ ಬಿಟ್ಲು. ಆಮ್ಯಾಲ ಹೊರಗ ಕಟ್ಟಿ ಮ್ಯಾಲ ಕುಂತ ಮಾತಾಡಿ ಬರ್ತಿದ್ದ.

ಕಬ್ಬಿನ ಬಿಲ್ಲು:
ನಮ್ಮ ಕಡೆ ಪಾಳಿ ಐತಿ. ಅಮಾಸಿಯಿಂದ ಅಮಾಸಿ. ದೊಡ್ಡಾಂವನ ಮನಿ, ನಡಬರಕಾಂವನ ಮನಿ, ಸಣ್ಣಾಂವನ ಮನಿ. ಅಧಿಕ ಮಾಸ ಬಂದ್ರ ಆ ಹೆಚ್ಚಿನ ತಿಂಗಳು ಯಾರ ಪಾಳಿ ಅಂತ ಕಟ್ಟಿ ಮ್ಯಾಲ ಪಂಚಾಯ್ತಿ!

ಗಚ್ಚಿನ ಮಹಲ್:
ನಗೂ ಮಾತಲ್ಲ ಇದು. ಪಾಳಿ ಬದಲಿ ಆಗೂ ದಿನ ಮುದುಕಿ ಗುಳಿಗಿ ಚೀಲ ಹಿಡಕೊಂಡು ಬಾಗಲಾಗ ನಿಂತಿರ್ತಾಳ. ಬಿಪಿ ಗುಳಿಗಿ ಯಾವ ಮನ್ಯಾಗ ಉಳೀತು ಯಾರಿಗೂ ಗೊತ್ತಿರೂದಿಲ್ಲ. ವಿಜಯಪುರದಾಗ ನಾ ಮೆಡಿಕಲ್ ಅಂಗಡಿ ಇಟ್ಟೀನಿ, ಅಮಾಸಿ ಮರುದಿನ ಇಂಥಾ ಗಿರಾಕಿ ಬರೂದು ಖರೆ.

ಬನಶಂಕರಿ ಜಾತ್ರಿ:
ಎಲ್ಲಾರೂ ಅಣ್ಣನ್ನ ಬೈಯಾಕತ್ತೀರಿ. ನಾನೂ ಊರಾಗ ಉಳದ ಮಗನ. ನನ್ನ ಮಾತೂ ಒಂಚೂರು ಕೇಳ್ರಿ.

ನಮ್ಮಪ್ಪಗ ಲಕ್ವಾ ಹೊಡದು ಎರಡು ವರ್ಷಕ್ಕ ಮ್ಯಾಲಾತು. ತಮ್ಮ ಪುಣೆದಾಗ ಕಂಪನಿಯೊಳಗ. ದೀಪಾವಳಿಗೆ ಬರ್ತಾನ, ಅಪ್ಪನ ಬಾಜೂಕ ಕುಂತು ಫೋಟೋ ತಕ್ಕೊಂಡು ಸ್ಟೇಟಸ್ ಹಾಕ್ತಾನ, ಎರಡು ಸಾವಿರ ಅಪ್ಪನ ಕೈಯಾಗ ಇಟ್ಟು ಹೊಕ್ಕಾನ. ಹಾಸಿಗಿ ಒದ್ದಿ ಆದಾಗ ರಾತ್ರಿ ಎರಡಕ್ಕ ಏಳಾವ್ರು ಯಾರು? ನಾ ಇಲ್ಲಾ ನನ್ನ ಹೇಂತಿ. ಎತ್ತಿ ಕುಂದ್ರಸೂದು, ನಳಗಿ ಬದಲಿ ಮಾಡಸೂದು, ದವಾಖಾನಿಗೆ ಗಾಡಿ ಮಾಡ್ಕೊಂಡು ಹೋಗೂದು. ಕಬ್ಬಿಗೆ ನೀರ ಹಾಯಸಾಕ ರಾತ್ರಿ ಕರೆಂಟ್ ಬಂದ್ರೂ ಬಿಟ್ಟು ಹೋಗಾಕ ಆಗೂದಿಲ್ಲ. ಹೊಲ ನನಗ ಬಂದೈತಿ, ಹೌದು. ಅದ ಹೊಲದ ಮ್ಯಾಲ ಸೊಸೈಟಿ ಸಾಲನೂ ಐತಿ, ಅದನ್ನ ಯಾರೂ ಉತಾರದಾಗ ಓದೂದಿಲ್ಲ.

ನಾ ಕೋರ್ಟಿಗೆ ಹೋಗಿಲ್ಲ, ಹೋಗೂದೂ ಇಲ್ಲ. ಆದ್ರ ಹೋದಾವನ್ನ ಕಳ್ಳ ಅಂತ ಅನ್ನಬ್ಯಾಡ್ರಿ.

ಮುಧೋಳದಂವ:
@ಬನಶಂಕರಿ ಜಾತ್ರಿ, ನಿಮ್ಮ ಮಾತು ಹೌದ್ರಿ. ನಮ್ಮಪ್ಪ ಹಾಸಿಗಿ ಹಿಡದಿಲ್ಲ, ಮೊಣಕಾಲು ಮಾತ್ರ ಭಾಳ ಹೋಗ್ಯಾವ. ಅಣ್ಣ ನನಗ ಒಂದ ಫೋನ್ ಮಾಡಿ "ಖರ್ಚ ಹೆಚ್ಚಾಗೈತಿ, ಏನರ ಕಳಸು" ಅಂದಿದ್ರ ನಾ ಇಲ್ಲ ಅಂತಿದ್ನೇನು? ನೇರ ನೋಟಿಸ್. ಅದೂ ನನ್ನ ಕಂಪನಿ ವಿಳಾಸಕ್ಕ. ಸೂಪರ್‌ವೈಸರ್ ಕೈಯಿಂದ ಇಸಕೊಂಡೆ.

ಕುಂದಾ ಪಾಕೀಟು:
ಕಂಪನಿ ವಿಳಾಸಕ್ಕ ಕಳಸಿದ್ದು ಬರೋಬ್ಬರಿ ಅಲ್ಲ. ಅದು ಮರ್ಯಾದಿ ಕಳಿಯಾಕನ ಕಳಸಿದ್ದು.

ತೇರದಾಳ ಅಕ್ಕ:
ಎಲ್ಲಾರೂ ಅಣ್ಣ ತಮ್ಮಂದ ಮಾತಾಡಾಕತ್ತೀರಿ. ಆ ಅಕ್ಕನ ಗತಿ ಏನು? ಮಗ್ಗದ ಮನಿ ಅಂದ್ರ ನನಗ ಗೊತ್ತೈತಿ, ನಮ್ಮದೂ ಅದ. ನೂಲಿನ ದರ ಏರಿತು, ಸೀರಿ ವ್ಯಾಪಾರ ಇಲ್ಲಂದ್ರ ವಾರಾನುಗಟ್ಟಲೆ ಮಗ್ಗ ಬಂದ್. ಆಕಿ ಕೈಯಾಗ ಸ್ವಂತ ರೊಕ್ಕಾ ಅಂದ್ರ ಗೃಹಲಕ್ಷ್ಮಿ 2,000 ಇದ್ದೀತು. ಐದು ಸಾವಿರ ಎಲ್ಲಿಂದ ತರತಾಳ? ಗಂಡನ್ನ ಕೇಳಬೇಕು.

ಕಬ್ಬಿನ ಬಿಲ್ಲು:
ಆಸ್ತಿಯೊಳಗ ಸಮಪಾಲು ಬೇಕಂತೀರಿ, ಸಾಕೂದು ಬಂದಾಗ ಹೆಣ್ಣಮಕ್ಕಳು ಅಂತೀರಿ.

ತೇರದಾಳ ಅಕ್ಕ:
ಎಲ್ಲಿ ಕೊಟ್ಟೀರಪಾ ಸಮಪಾಲು? ಮ್ಯಾಲ ಓದಿರೇನು? ಆರ ಎಕರೆಯೊಳಗ ಆಕಿಗೆ ಎಷ್ಟ ಬಂತು? ನಮ್ಮ ಊರಾಗ ಅಣ್ಣ ತಮ್ಮ ಅರಿಷಿಣ ಕುಂಕುಮಕ್ಕ ಕರದು, ಒಂದ ಸೀರಿ ಉಡಿಸಿ, ಸಬ್ ರಜಿಸ್ಟ್ರಾರ ಆಫೀಸಿಗೆ ಕರಕೊಂಡು ಹೋಗಿ ಹಕ್ಕು ಬಿಟ್ಟ ಪತ್ರಕ್ಕ ಸಹಿ ಹಾಕಸ್ತಾರ. "ತವರಮನಿ ಬಾಗಲಾ ಬೇಕೋ ಹೊಲ ಬೇಕೋ" ಅಂತ ಕೇಳಿದ್ರ ಯಾವ ಹೆಣ್ಣಮಗಳು ಹೊಲ ಅಂತಾಳ?

ಇಳಕಲ್ಲ ಸೆರಗು:
👏👏 ಅಕ್ಕಾರ ಹೇಳಿದ್ದು ನೂರಕ್ಕ ನೂರು.

ಕರಿಕೋಟು:
ಕಾನೂನು ಹೇಳ್ತೀನಿ, ಬೈಯಬ್ಯಾಡ್ರಿ. ಮದುವಿ ಆದ ಮಗಳೂ ತಂದಿ ತಾಯಿಗೆ ಜೀವನಾಂಶ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1987ರಾಗನ ಹೇಳೈತಿ. ಕಲ್ಯಾಣದ ಒಬ್ಬಾಕಿ ಡಾಕ್ಟರ್ ಮಗಳ ಕೇಸು ಅದು. ಆದ್ರ ಮಗಳಿಗೆ ತನ್ನದ ಆದ ಆದಾಯ ಇರಬೇಕು, ಗಂಡನ ದುಡಿಮಿ ಲೆಕ್ಕಕ್ಕ ಬರೂದಿಲ್ಲ. ಹಂಗಾಗಿ ನಿಮ್ಮ ಅಕ್ಕ "ನನಗ ಸ್ವಂತ ದುಡಿಮಿ ಇಲ್ಲ" ಅಂತ ಬರದು ಕೊಟ್ರ ಆಕಿ ಮ್ಯಾಲ ಆದೇಶ ಆಗೂದು ಕಷ್ಟ.

ಇನ್ನೊಂದು. ಸೊಸಿ, ಅಳಿಯ ಈ ಕಾಯ್ದೆಯೊಳಗ ಬರೂದ ಇಲ್ಲ. 2019ರಾಗ ಅವರನ್ನೂ ಸೇರಿಸೂ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದಿತ್ತು, ಕಾಯ್ದೆ ಆಗಲಿಲ್ಲ.

ಇಳಕಲ್ಲ ಸೆರಗು:
ಕಾಯ್ದೆಯೊಳಗ ಸೊಸಿ ಇಲ್ಲ, ಅಡಗಿ ಮನ್ಯಾಗ ಮಾತ್ರ ಸೊಸಿನ ಇರಬೇಕು. ಮಗಂದು ಕರ್ತವ್ಯ, ರೊಟ್ಟಿ ಬಡಿಯಾಕಿ ಹೇಂತಿ.

ಕುಂದಾ ಪಾಕೀಟು:
ಮೂಲ ಪ್ರಶ್ನೆಗೆ ಬರ್ರಿ. ಆ ಬಕ್ಷೀಸ್ ಪತ್ರಾನ ರದ್ದು ಮಾಡಸಬಹುದಲ್ಲ? ಪೇಪರದಾಗ ದಿನಾ ಬರ್ತೈತಿ, ಮಕ್ಕಳು ನೋಡ್ಕೊಳ್ಳಲಿಲ್ಲ ಅಂದ್ರ ಆಸ್ತಿ ವಾಪಸ್ ಅಂತ.

ಕರಿಕೋಟು:
ಅದು ಕಲಂ 23. ಅಪ್ಪನ ಕೈಯಾಗಿನ ಅಧಿಕಾರ, ತಮ್ಮಂದಲ್ಲ. ಕೊಟ್ಟಾವರ ಬೇಡಬೇಕು. ಇಲ್ಲಿ ಅಪ್ಪ ಅಣ್ಣನ ಮನ್ಯಾಗ ಉಣ್ಣಾಕತ್ತಾನ, ಅಣ್ಣನ ಮ್ಯಾಲ ತಕರಾರ ಮಾಡಿಲ್ಲ. ಹಿಂಗಿದ್ದಾಗ 23 ಎಲ್ಲಿಂದ ಬಂತು?

ಅಪ್ಪ ನಾಳೆ ಮನಸ್ಸು ಬದಲಿಸಿದ್ರೂ ಪತ್ರದಾಗ ಏನ ಬರದೈತಿ ಅನ್ನೂದು ಮುಖ್ಯ. "ನನ್ನ ಯೋಗಕ್ಷೇಮ ನೋಡ್ಕೋಬೇಕು" ಅನ್ನೂ ಷರತ್ತಿನ ಮ್ಯಾಲ ಕೊಟ್ಟಿದ್ದು ಅಂತ ತೋರಿಸಬೇಕು ಅಂತ 2022ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯೊಳಗ ಇನ್ನೊಂದು ತೀರ್ಪು ಬಂತು. ಇದು ಹಿರಿಯರ ಹಿತಕ್ಕ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು, ನ್ಯಾಯಮಂಡಳಿ (ನಮ್ಮಲ್ಲಿ ಎಸಿ ಸಾಹೇಬ್ರದು) ಸ್ವಾಧೀನನೂ ವಾಪಸ್ ಕೊಡಸಬಹುದು ಅಂತ. ಆ ಕೇಸಿನೊಳಗ ಮಗ ಕಡೀತನಕ ನೋಡ್ಕೊಂತೀನಿ ಅಂತ ಬರದು ಕೊಟ್ಟಿದ್ದ ಕಾಗದ ಇತ್ತು.

ಈ ಎಳಿ ಓದೂ ಹಿರ್ಯಾರಿಗೆ ಹೇಳೂದು ಒಂದ: ಮಕ್ಕಳಿಗೆ ಬಕ್ಷೀಸ್ ಪತ್ರ ಮಾಡೂದಿದ್ರ ಆ ಷರತ್ತು ಪತ್ರದಾಗನ ಬರಸ್ರಿ. ಬಾಂಡ್ ರೈಟರ್ "ಅದೇನ ಬ್ಯಾಡ ಬಿಡ್ರಿ" ಅಂದ್ರೂ ಬಿಡಬ್ಯಾಡ್ರಿ.

ನಿವೃತ್ತ ಮಾಸ್ತರ, ಬಾಗಲಕೋಟಿ:
ಅದಕ್ಕಿಂತ ಬದುಕಿರೋತನಕ ಕೊಡಲೇಬಾರದು. ಮೃತ್ಯುಪತ್ರ ಬರೆದಿಡಬೇಕು, ಅದನ್ನ ಯಾವಾಗ ಬೇಕಾದರೂ ಬದಲಿಸಬಹುದು. ನನ್ನ ಪಾಸ್‌ಬುಕ್ ನನ್ನ ಕಪಾಟಿನೊಳಗ, ಕೀಲಿ ನನ್ನ ಉಡದಾರಕ್ಕ.

ಗಚ್ಚಿನ ಮಹಲ್:
ಮಾಸ್ತರ್ರ 😂

ಇಂಡಿ ಲಿಂಬಿ:
ಆ ಹೊಲ ಅಪ್ಪ ಸ್ವಂತ ಗಳಿಸಿದ್ದೋ, ಅಜ್ಜನ ಕಾಲದ್ದೋ? ಪಿತ್ರಾರ್ಜಿತ ಇದ್ರ ಇಡೀ ಆರ ಎಕರೆ ಒಬ್ಬಗ ಬಕ್ಷೀಸ್ ಕೊಡಾಕ ಅಪ್ಪಗ ಅಧಿಕಾರನ ಇಲ್ಲ. ಮಗಳಿಗೂ ಹುಟ್ಟಿನಿಂದನ ಪಾಲು ಅಂತ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಅದಾವ. ವಾಟ್ನಿ (ಆಸ್ತಿ ಪಾಲಿನ) ದಾವೆ ಹಾಕ್ರಿ!

ಮುಧೋಳದಂವ:
ನಾಕ ಎಕರೆ ಅಜ್ಜಂದು, ಎರಡು ಅಪ್ಪ ಖರೀದಿ ಮಾಡಿದ್ದು.

ಬನಶಂಕರಿ ಜಾತ್ರಿ:
ಹಾಕ್ರಿ ಹಾಕ್ರಿ, ಸಿವಿಲ್ ಕೋರ್ಟಿನ್ಯಾಗ ದಾವೆ. ನಿಮ್ಮ ಮಗ ಮುಗಿಸ್ತಾನ ಅದನ್ನ.

ಕರಿಕೋಟು:
ಇಂಡಿಯವರು ಹೇಳಿದ್ದು ಆ ನಾಕ ಎಕರೆ ಬಗ್ಗೆ ವಿಚಾರ ಮಾಡೂವಂಥಾ ಮಾತು. ಅಜ್ಜಂದು ಅಪ್ಪಗ ಹೆಂಗ ಬಂತು, ಹಳೇ ವಾಟ್ನಿ ಆಗಿತ್ತೋ ಇಲ್ಲೋ, ಕಾಗದ ನೋಡದ ಹೇಳಾಕ ಆಗೂದಿಲ್ಲ. ದಾವೆ ಹಾಕೂ ವಾಯಿದೆ ದಾಟೂ ಪ್ರಶ್ನೆನೂ ಐತಿ, ತಡಾ ಮಾಡಬ್ಯಾಡ್ರಿ. ಆದ್ರ ಅದನ್ನ ಎಸಿ ಸಾಹೇಬ್ರ ಮುಂದ ಗುದ್ದಾಡಬ್ಯಾಡ್ರಿ, ಅವರು ಪಾಲು ಮಾಡೂವವರಲ್ಲ. "ನನ್ನ ಪಾಲು ಕೊಟ್ಟ ಮ್ಯಾಲ ಅಪ್ಪಗ ಅನ್ನಾ ಹಾಕ್ತೀನಿ" ಅಂದ ಮಗನ ಮಾತು ಅಲ್ಲಿ ನಡಿಯೂದಿಲ್ಲ, ಉಲ್ಟಾ ಹೊಡೀತೈತಿ.

ಕೆರೂರ ಸಂತಿ:
ಒಂದ ಪ್ರಶ್ನೆ ಕೇಳಲೇನು, ಯಾರೂ ಸಿಟ್ಟಿಗೇಳಬಾರದು. ನಮ್ಮಪ್ಪ ನಾ ಎರಡನೇತ್ತಿ ಇದ್ದಾಗ ಬ್ಯಾರೆ ಹೆಣ್ಣಮಗಳ ಕೂಡ ಗೋವಾಕ್ಕ ಹ್ವಾದ. ಅವ್ವ ಕೂಲಿ ಮಾಡಿ ನಮ್ಮನ್ನ ಓದಿಸಿದ್ಲು. ಈಗ ಅಲ್ಲಿ ದುಡ್ಯಾಕ ಆಗವಲ್ದು ಅಂತ ವಾಪಸ್ ಬಂದಾನ. "ನಿನಗ ಸರ್ಕಾರಿ ನೌಕರಿ ಐತಿ, ನನ್ನ ನೋಡ್ಕೊ, ಇಲ್ಲಾಂದ್ರ ಎಸಿ ಕಡೆ ಹೊಕ್ಕೀನಿ" ಅಂತಾನ. ಇಂಥಾವಗೂ ಕೊಡಬೇಕೇನು?

ಕಬ್ಬಿನ ಬಿಲ್ಲು:
ಬಾಗಲದಾಗ ನಿಲ್ಲಸಬ್ಯಾಡ್ರಿ ಇಂಥಾವನ್ನ.

ನಿವೃತ್ತ ಮಾಸ್ತರ, ಬಾಗಲಕೋಟಿ:
ತಂದೆ ತಂದೆಯೇ. ಅವನು ಮಾಡಿದ್ದು ಅವನಿಗೆ. ನಿಮ್ಮ ಧರ್ಮ ನಿಮಗೆ.

ತೇರದಾಳ ಅಕ್ಕ:
ಮಾಸ್ತರ್ರ, ಆ ತಾಯಿ ಮುಂದ ಕುಂತು ಈ ಮಾತು ಹೇಳ್ರಿ ನೋಡೂಣು. ಆಕಿ ದುಡಿದು ಸಾಕಿದ ಮಗಳ ಪಗಾರದಾಗ ಆಂವ ಪಾಲು ಕೇಳಾಕತ್ತಾನ.

ಕರಿಕೋಟು:
ಕಾಯ್ದೆಯೊಳಗ ಛಲೋ ಅಪ್ಪ, ಕೆಟ್ಟ ಅಪ್ಪ ಅಂತ ಭೇದ ಇಲ್ಲ ಅನ್ನೂದು ಕಹಿ ಖರೆ. ಮಲಅಪ್ಪ, ಮಲತಾಯಿನೂ 'ಪಾಲಕರು' ಅನ್ನೂದರಾಗ ಬರ್ತಾರ. ಆದ್ರ ಈ ತಂಗಿ ಹಿಂದಿನದೆಲ್ಲಾ ಬರವಣಿಗಿಯೊಳಗ ಕೊಡಬೇಕು. ಅವ್ವ ಬದುಕಿದ್ರ, ಆಕಿನ್ನೂ ನೀವ ಸಾಕೂದು, ಅದನ್ನೂ ತೋರಿಸ್ರಿ. ಎಷ್ಟು ಕೊಡಸಬೇಕು ಅನ್ನೂದು ಅಧಿಕಾರಿ ವಿವೇಚನಾ, ಅಲ್ಲಿ ಇದೆಲ್ಲಾ ತೂಕ ಆಗತೈತಿ. ನಿಮ್ಮ ಅವ್ವನೂ ಬೇಕಂದ್ರ ಗಂಡನ ಮ್ಯಾಲ ಜೀವನಾಂಶ ಕೇಳಬಹುದು, ಅದು ಬ್ಯಾರೆ ಮಾತು.

ಕೆರೂರ ಸಂತಿ:
ಆಕಿ ಕೇಳೂದಿಲ್ರಿ. ಆಂವ ಬಂದ ದಿನ ಒಳಗ ಕರದು ಊಟಕ್ಕ ಹಾಕ್ಯಾಳ. ನನಗ ಅದ ಹೆಚ್ಚ ಸಿಟ್ಟು.

ಗಚ್ಚಿನ ಮಹಲ್:
ಸರ್ಕಾರಿ ನೌಕರರ ಮಾತು ಬಂತು. ಅಸ್ಸಾಂದಾಗ 2017ರಾಗ ಪ್ರಣಾಮ್ ಅಂತ ಕಾಯ್ದೆ ಮಾಡ್ಯಾರ. ತಂದಿ ತಾಯಿನ್ನ ನೋಡ್ಕೊಳ್ಳದ ಸರ್ಕಾರಿ ನೌಕರನ ಪಗಾರದಾಗ ಕಟಾವ್ ಮಾಡಿ ನೇರ ಅಪ್ಪ ಅವ್ವಗ ಕೊಡ್ತಾರ. ನಮ್ಮಲ್ಲೂ ಬರಬೇಕು.

ಕುಂದಾ ಪಾಕೀಟು:
ಪ್ರೈವೇಟ್‌ದವರಿಗೆ ಏನ ಮಾಡ್ತೀರಿ ಮತ್ತ? ಬೆಳಗಾವಿ ಬಿಮ್ಸ್ ಸುದ್ದಿ ಮರತೀರೇನು? ಮುದುಕರನ್ನ ದವಾಖಾನಿಗೆ ದಾಖಲ್ ಮಾಡಿ ಮಕ್ಕಳು ತಿರುಗಿ ನೋಡದ ಹೋದದ್ದು ಅಲ್ಲೊಂದರಾಗನ 150ಕ್ಕಿಂತ ಹೆಚ್ಚು ಅಂತ 2025ರ ಮಾರ್ಚ್‌ದಾಗ ಪೇಪರದಾಗೆಲ್ಲಾ ಬಂತು. ವೈದ್ಯಕೀಯ ಶಿಕ್ಷಣ ಸಚಿವರು "ಹಿಂಗ ಬಿಟ್ಟು ಹೋದವರ ಹೆಸರಿಗೆ ಆದ ಆಸ್ತಿ ವರ್ಗಾವಣೆ ರದ್ದು ಮಾಡಸಾಕ ಎಸಿಗಳಿಗೆ ದೂರು ಕೊಡ್ರಿ" ಅಂತ ಸೂಚಿಸಿದ್ರು.

ಕರಿಕೋಟು:
ಹಂಗ ಬಿಟ್ಟು ಹೋಗೂದು ಕಲಂ 24ರ ಪ್ರಕಾರ ಅಪರಾಧ. ಮೂರು ತಿಂಗಳ ತನಕ ಜೈಲು, 5,000 ತನಕ ದಂಡ, ಇಲ್ಲಾ ಎರಡೂ.

ಕಬ್ಬಿನ ಬಿಲ್ಲು:
5,000 ದಂಡ? ನಮ್ಮ ಕಡೆ ಎತ್ತಿನ ಬೆಲಿ ಕೇಳ್ರಿ ಒಮ್ಮೆ.

ಮೈಸೂರು ಕಡೆಯವಳು:
ಒಂದು ಅನುಮಾನ. ವಕೀಲರನ್ನ ಇಟ್ಟುಕೊಳ್ಳೋ ಹಾಗಿಲ್ಲ ಅಂತಾರಲ್ಲ, ನಿಜವಾ? ಹಾಗಾದ್ರೆ ಹಳ್ಳಿಯವರು ಏನು ಮಾಡಬೇಕು?

ಕರಿಕೋಟು:
ಕಲಂ 17 ಹಂಗ ಹೇಳತೈತಿ. ಖರ್ಚಿಲ್ಲದ, ಲಗೂನ ಮುಗೀಲಿ ಅಂತ. ಕೇರಳ ಹೈಕೋರ್ಟ್ 2021ರಾಗ ಈ ನಿರ್ಬಂಧ ನಿಲ್ಲೂದಿಲ್ಲ ಅಂದೈತಿ. ಏನ ಇರಲಿ, ಹಿರ್ಯಾರಿಗೆ ವಕೀಲ ಬೇಕಾಗೂದ ಇಲ್ಲ. ಬಿಳಿ ಹಾಳಿ ಮ್ಯಾಲ ಬರದು ಕೊಟ್ರೂ ನಡೀತೈತಿ. ತಾವು ಹೋಗಾಕ ಆಗದಿದ್ರ ಬ್ಯಾರೆಯವರಿಗೆ ಅಧಿಕಾರ ಕೊಟ್ಟು ಹಾಕಸಬಹುದು, ನ್ಯಾಯಮಂಡಳಿ ತಾನಾಗಿನೂ ಕೈಗೆತ್ತಿಕೊಳ್ಳಬಹುದು. ಹಿರಿಯರ ಸಹಾಯವಾಣಿ 14567ಕ್ಕ ಫೋನ್ ಹಚ್ಚಿದ್ರ ದಾರಿ ಹೇಳ್ತಾರ. ನೋಟಿಸ್ ಜಾರಿ ಆಗಿ 90 ದಿನದೊಳಗ ತೀರ್ಮಾನ ಆಗಬೇಕು, ವಿಶೇಷ ಕಾರಣ ಇದ್ರ ಇನ್ನ 30 ದಿನ.

ಬನಶಂಕರಿ ಜಾತ್ರಿ:
90 ದಿನ ಕಾಗದದಾಗ. ಎಸಿ ಸಾಹೇಬ್ರಿಗೆ ಚುನಾವಣಿ, ಪ್ರವಾಹ, ಭೂಸ್ವಾಧೀನ ಎಲ್ಲಾ ಮುಗದ ಮ್ಯಾಲ ಮುದುಕರ ಕೇಸು.

ಮುಧೋಳದಂವ:
ಎಲ್ಲಾರ ಮಾತೂ ಓದೀನ್ರಿ. ಇವತ್ತ ಧೈರ್ಯಾ ಮಾಡಿ ಅಪ್ಪಗ ಫೋನ್ ಹಚ್ಚಿದ್ದೆ. ಅಣ್ಣನ ಫೋನ್ ಅಲ್ಲ, ಬಾಜೂ ಮನಿಯವರದು. "ನನ್ನ ಮ್ಯಾಲ ಯಾಕ ಅರ್ಜಿ ಹಾಕಿದಿ" ಅಂದೆ. "ಮೊಣಕಾಲು ಆಪರೇಶನ್ ಮಾಡಸ್ಬೇಕಂತ, ರೊಕ್ಕಾ ಇಲ್ಲ ಅಂದ ಅಂವ. ಸಹಿ ಮಾಡು ಅಂದ, ಮಾಡಿದೆ. ನಾ ಇವರ ಮನ್ಯಾಗ ಇರಬೇಕಲ್ಲೋ" ಅಂದ. ಮುಂದ ನನಗೂ ಮಾತ ಬರಲಿಲ್ಲ.

ನಾ ಕೊಡ್ತೀನ್ರಿ. ಎಷ್ಟು ಅನ್ನೂದು ಎಸಿ ಸಾಹೇಬ್ರು ಹೇಳಲಿ. ಆದ್ರ ಅಣ್ಣನ್ನೂ ಸೇರಸ್ತೀನಿ, ರೊಕ್ಕಾ ಅಪ್ಪನ ಖಾತೆಗೇ ಹೋಗಬೇಕು ಅಂತನೂ ಬರೀತೀನಿ. ಅಣ್ಣನ ಕೈಯಾಗ ಕೊಡೂದಿಲ್ಲ.

ಕರಿಕೋಟು:
ಬರೋಬ್ಬರಿ. ರಾಜಿ ಅಧಿಕಾರಿ ಕಡೆ ಕಳಸ್ರಿ ಅಂತನೂ ಕೇಳ್ರಿ, ಕಾಯ್ದೆಯೊಳಗ ಅವಕಾಶ ಐತಿ, ಒಂದ ತಿಂಗಳದಾಗ ವರದಿ ಕೊಡಬೇಕು ಅವರು. ಆಪರೇಶನ್ ಖರ್ಚು ಮೂರೂ ಮಂದಿ ಹೆಂಗ ಹಂಚ್ಕೋಬೇಕು ಅನ್ನೂದು ಅಲ್ಲೇ ಬರಸ್ರಿ, ಎಲ್ಲಾರೂ ಸಹಿ ಮಾಡ್ರಿ. ಆದೇಶ ಆದ ಮ್ಯಾಲ ಬಾಕಿ ಉಳಸಬ್ಯಾಡ್ರಿ, ವಾರಂಟ್ ಬರ್ತೈತಿ, ಕೊಡದಿದ್ರ ಒಂದ ತಿಂಗಳ ತನಕ ಒಳಗ ಹಾಕಬಹುದು. ಕಲಂ 16 ಓದಿದ್ರ ಮೇಲ್ಮನವಿ ಹಕ್ಕು ಹಿರ್ಯಾರಿಗೆ ಮಾತ್ರ, ಡಿಸಿ ಕಡೆ. ಮಕ್ಕಳು ಧಾರವಾಡ ಹೈಕೋರ್ಟ್ ಪೀಠಕ್ಕ ರಿಟ್ ಹಾಕಬೇಕಾಗ್ತೈತಿ, ಅದರ ಖರ್ಚಿನ್ಯಾಗ ಅಪ್ಪನ ಒಂದ ಮೊಣಕಾಲು ಆಪರೇಶನ್ ಆದೀತು.

ತೇರದಾಳ ಅಕ್ಕ:
ತಮ್ಮಾ, ಆಯುಷ್ಮಾನ್ ಕಾರ್ಡ್ ಮಾಡಸೀರೇನು ಅಪ್ಪಂದು? ಮೊದಲ ಅದನ್ನ ನೋಡ್ರಿ. ಮತ್ತ ನಿಮ್ಮ ಅಕ್ಕಗ ಹೇಳ್ರಿ, ತಾರೀಖಿಗೆ ಒಬ್ಬಾಕಿನ ಹೋಗಬ್ಯಾಡ ಅಂತ. ಬನಹಟ್ಟಿಯಿಂದ ಜಮಖಂಡಿ ಏನ ದೂರ ಅಲ್ಲ, ಬಸ್ಸೂ ಪುಕ್ಕಟ. ಬೇಕಾದ್ರ ನಾನೂ ಬರ್ತೀನಿ.

ಮುಧೋಳದಂವ:
ಅಕ್ಕಾರ, ಕಾರ್ಡ್ ಅಣ್ಣನ ಕಡೆ ಐತೇನೋ. ಕೇಳ್ತೀನಿ.

ಕಬ್ಬಿನ ಬಿಲ್ಲು:
ನಾ ಇನ್ನೂ ಹೇಳ್ತೀನಿ, ಆರ ಎಕರೆ ಇಟಗೊಂಡಾಂವ ಆಪರೇಶನ್ ಮಾಡಸಬೇಕು. ಕಾನೂನು ಏನರ ಹೇಳಲಿ.

ಇಂಡಿ ಲಿಂಬಿ:
ಮತ್ತ ಶುರು ಆತು ಇವರದು.

ಕೃಷ್ಣಾ ಹೊಳಿ:
ತಡಾ ಆಗಿ ಬಂದೆ. ನಮ್ಮ ಕಾಕಾಗ ಮಕ್ಕಳಿಲ್ಲ. ಅವನ ಮೂರ ಎಕರೆ ನಾವ ಮಾಡಾಕತ್ತೀವಿ, ಮುಂದ ನಮಗ ಬರ್ತೈತಿ ಅಂತ ಎಲ್ಲಾರಿಗೂ ಗೊತ್ತು. ಕಾಕಾ ಈಗ ಬ್ಯಾರೆ ಅಡಗಿ ಮಾಡ್ಕೊಂತಾನ. ನಮ್ಮ ಮ್ಯಾಲೂ ಅರ್ಜಿ ಹಾಕಬಹುದೇನು?

ಕರಿಕೋಟು:
ಹಾಕಬಹುದು. ನನ್ನ ಮೊದಲನೇ ಉತ್ತರ ಓದ್ರಿ, ಆಸ್ತಿ ಷರತ್ತು ನಿಮ್ಮಂಥವರಿಗೇ ಇರೂದು. ಇವತ್ತ ಸಂಜಿಕೆ ಕಾಕಾನ್ನ ಊಟಕ್ಕ ಕರೀರಿ, ಉಳದಿದ್ದು ಬ್ಯಾರೆ ಎಳಿ ತಗದು ಕೇಳ್ರಿ.